ನದಿಯಡಿಯ ಸುರಂಗ, ನಮ್ಮೂರ ಕೆರೆ ಏರಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು 1984ನೇ ಸಾಲಿನ ಎಸ್‌ಎಸ್‌ಎಲ್‌ಸಿ ತಂಡದವರು, ವೃತ್ತಿಯಲ್ಲಿ ಸುರಂಗ ಎಂಜಿನಿಯರ್.)



ಮೂರು ತಿಂಗಳ ಹಿಂದೆ ನಮ್ಮ ಬ್ಯಾಚಿನ ಗೆಳೆಯ ಸಮಿತಿಯ ಪರವಾಗಿ ಫೋನ್ ಮಾಡಿದ. "ಅಮೆರಿಕದಲ್ಲಿ ಹೊಳೆಯ ಕೆಳಗೆ ಸುರಂಗ ತೋಡಿದ್ದೀಯಂತೆ ಮಾರಾಯ, ಬಂದು ಅದನ್ನೇ ಹೇಳು. ಮಕ್ಕಳಿಗೆ ತಿಳಿಯೋ ಹಾಗೆ ಹೇಳು" ಅಂದ. ಮೊದಲಿಗೇ ಒಂದು ತಿದ್ದುಪಡಿ ಮಾಡುತ್ತೇನೆ. ನಾನು ತೋಡಿಲ್ಲ. ತೋಡಿದವರು ಹಗಲು ರಾತ್ರಿ ಪಾಳಿಯಲ್ಲಿ ನೆಲದೊಳಗೆ ಇಳಿದ ಕಾರ್ಮಿಕರು. ಅವರಿಗೂ ಯೋಜನೆಯವರಿಗೂ ಸಲಹೆ ಕೊಡುವ ದೊಡ್ಡ ಗುಂಪಿನಲ್ಲಿ ನಾನೊಬ್ಬ. ಬಂಡೆಯೊಳಗೆ ನೀರು ಎಲ್ಲಿದೆ, ಎಷ್ಟು ಒತ್ತಡದಲ್ಲಿದೆ ಎಂದು ನೋಡುವುದು ನನ್ನ ಪಾಲಿನ ಕೆಲಸ. ಮದುವೆ ಮನೆಯಲ್ಲಿ ಅಡುಗೆ ಭಟ್ಟರ ಪಕ್ಕದಲ್ಲಿ ನಿಂತು ಉಪ್ಪು ನೋಡುವವನಿರುತ್ತಾನಲ್ಲ, ಹೆಚ್ಚು ಕಡಿಮೆ ಹಾಗೆ.

ನ್ಯೂಯಾರ್ಕ್ ನಗರದಲ್ಲಿ 80 ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ. ಅವರು ಕುಡಿಯುವ ನೀರಿನಲ್ಲಿ ಸುಮಾರು ಅರ್ಧದಷ್ಟು ಒಂದೇ ಒಂದು ಸುರಂಗದಲ್ಲಿ ಬರುತ್ತದೆ. ಅದರ ಹೆಸರು ಡೆಲವೇರ್ ಅಕ್ವಡಕ್ಟ್. ಉದ್ದ 137 ಕಿ.ಮೀ.; ಪ್ರಪಂಚದ ಅತಿ ಉದ್ದದ ಸುರಂಗ ಎಂದು ಅದಕ್ಕೆ ಹೆಸರಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಂಡೆಗೆ ಸಿಡಿಮದ್ದು ಇಟ್ಟು ತೋಡಿ, ಒಳಗೆ ಕಾಂಕ್ರೀಟು ಹಾಕಿ ಕಟ್ಟಿದ್ದು. ದೂರದ ಬೆಟ್ಟಗಳ ಜಲಾಶಯಗಳ ನೀರು ಅದರ ಮೂಲಕ, ಹಡ್ಸನ್ ನದಿಯ ಅಡಿಯಲ್ಲೇ ಹಾದು, ನಗರದ ಕಡೆಗೆ ಹರಿಯುತ್ತದೆ.

ಆ ಜಲಾಶಯಗಳ ವಿಷಯ ಈ ಊರಿನವರಿಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಪೆಪಾಕ್ಟನ್ ಎಂಬ ಜಲಾಶಯಕ್ಕೆ ನಾಲ್ಕು ಊರು ಮುಳುಗಿದವು. ಕ್ಯಾನನ್ಸ್‌ವಿಲ್ ಎಂಬುದಕ್ಕೆ ಐದು. ಈ ಕ್ಯಾನನ್ಸ್‌ವಿಲ್ ಬಳಕೆಗೆ ಬಂದದ್ದು 1964ರಲ್ಲಿ. ನಮ್ಮ ಲಿಂಗನಮಕ್ಕಿ ಮುಗಿದದ್ದೂ 1964ರಲ್ಲೇ. ಆ ವರ್ಷವನ್ನು ಮೊದಲ ಸಲ ಕಡತದಲ್ಲಿ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ನಮ್ಮ ಅಪ್ಪಯ್ಯನ ತಲೆಮಾರಿನವರು ಮುಳುಗಡೆಯಿಂದ ಎದ್ದು, ದನ ಕರು ಹೊಡೆದುಕೊಂಡು, ಪಾತ್ರೆ ಪಡಗ ಗಾಡಿಗೆ ಹೇರಿಕೊಂಡು ಈ ಊರಿಗೆ ಬಂದರು. ಬಂದ ಹತ್ತು ವರ್ಷಕ್ಕೆ ತಾವೇ ಮಣ್ಣು ಹೊತ್ತು ಈ ಹೈಸ್ಕೂಲಿನ ಮೊದಲ ಎರಡು ಕೋಣೆ ಎಬ್ಬಿಸಿದರು. ಅದರ ಐವತ್ತನೇ ವರ್ಷವೇ ಇವತ್ತಿನ ಹಬ್ಬ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ತಲೆ ಎತ್ತುತ್ತದಲ್ಲ, ಅದನ್ನು ನೋಡಲು ಹೋದವರು ಎಷ್ಟು ಹೊತ್ತು ಮಾತಿಲ್ಲದೆ ನಿಲ್ಲುತ್ತಾರೆ ಎಂಬುದು ನಿಮಗೆ ಗೊತ್ತು. ನೀರು ಬಳಸುವ ಪೇಟೆಗೆ ಅದು ಎಲ್ಲಿಂದ ಬಂತು ಎಂಬ ನೆನಪು ಇರುವುದಿಲ್ಲ. ಬಿಟ್ಟುಕೊಟ್ಟವರಿಗೆ ಇರುತ್ತದೆ.

ಈಗ ಸುರಂಗದ ಕಾಯಿಲೆಗೆ ಬರುತ್ತೇನೆ. ಹಡ್ಸನ್ ನದಿಯ ಪಶ್ಚಿಮ ದಡದ ಹತ್ತಿರ ಮತ್ತು ಇನ್ನೂ ಮೇಲ್ಗಡೆ ವವಾರ್ಸಿಂಗ್ ಎಂಬ ಊರಿನಲ್ಲಿ, ಈ ಸುರಂಗ ಸುಣ್ಣಕಲ್ಲಿನ ಬಂಡೆಯನ್ನು ಹಾದು ಹೋಗುತ್ತದೆ. ಆ ಕಲ್ಲಿನಲ್ಲಿ ಬಿರುಕು ಹೆಚ್ಚು. ಒಳಗಿನ ಕಾಂಕ್ರೀಟಿಗೂ ಬಿರುಕು ಬಂತು. ಒಳಗಿನ ನೀರು ಒತ್ತಡದಲ್ಲಿರುವುದರಿಂದ ಹೊರಗೆ ಸೋರತೊಡಗಿತು. 1990ರ ದಶಕದಿಂದ ಅಳೆಯುತ್ತಾ ಬಂದರು. ಗರಿಷ್ಠ ಸೋರಿಕೆ ದಿನಕ್ಕೆ 3.5 ಕೋಟಿ ಗ್ಯಾಲನ್, ನಮ್ಮ ಲೆಕ್ಕದಲ್ಲಿ 13 ಕೋಟಿ ಲೀಟರು. ಮಕ್ಕಳೇ, ಇದನ್ನು ಭಾಗಾಕಾರ ಮಾಡಿ ನೋಡಿ. ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರು ಎಂದು ಜಲ ಜೀವನ್ ಮಿಷನ್ ಇಟ್ಟುಕೊಂಡಿದೆ. ಆ ಪ್ರಕಾರ ಅದು 23 ಲಕ್ಷಕ್ಕೂ ಹೆಚ್ಚು ಜನರ ನೀರು. 2011ರ ಜನಗಣತಿಯಲ್ಲಿ ನಮ್ಮ ಇಡೀ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ ಹದಿನೇಳೂವರೆ ಲಕ್ಷ.

"ಸೋರುವ ಕಡೆ ನೀರು ನಿಲ್ಲಿಸಿ, ಒಳಗೆ ಇಳಿದು ಮುಚ್ಚಿದರಾಯಿತು" ಅನ್ನಬಹುದು. ಎರಡು ತೊಡಕಿದ್ದವು. ಒಂದು, ನೀರು ನಿಲ್ಲಿಸಿದರೆ ಅರ್ಧ ನಗರದ ಗತಿ ಏನು? ಎರಡು, ಸುರಂಗದೊಳಗೆ ನೀರು ತುಂಬಿರುವಾಗ ಅದು ಒಳಗಿನಿಂದ ಗೋಡೆಗೆ ಆಸರೆ. ಖಾಲಿ ಮಾಡಿದರೆ ಹೊರಗಿನ ಬಂಡೆಯ ನೀರು ಒಳಕ್ಕೆ ಒತ್ತುತ್ತದೆ. ಹಳೆಯ ಗೋಡೆ ತಡೆಯದಿದ್ದರೆ ಕುಸಿಯಬಹುದು. ಹಾಗಾಗಿ ಒಳಗೆ ಏನಾಗಿದೆ ಎಂದು ನೋಡುವುದೇ ದೊಡ್ಡ ಕೆಲಸವಾಯಿತು. 2003ರಲ್ಲಿ ತಾನೇ ಈಜುವ ಒಂದು ಯಂತ್ರವನ್ನು ತುಂಬಿದ ಸುರಂಗಕ್ಕೆ ಬಿಟ್ಟು, 72 ಕಿ.ಮೀ. ಉದ್ದಕ್ಕೂ ಫೋಟೋ ತೆಗೆಸಿದರು.

ಕೊನೆಗೆ ಗೊತ್ತಾದ ದಾರಿ ನಮ್ಮ ತೋಟದವರಿಗೆ ಹೊಸದಲ್ಲ. ಅಡಿಕೆ ಮರ ಸೀಳಿ ಮಾಡಿದ ಹಳೆಯ ದಂಬೆ ಒಂದು ಕಡೆ ಕೊಳೆತರೆ ಏನು ಮಾಡುತ್ತಿದ್ದೆವು? ಪಕ್ಕದಲ್ಲಿ ಹೊಸ ದಂಬೆ ಇಟ್ಟು ಸಿದ್ಧ ಮಾಡಿಕೊಂಡು, ಕೊನೆಗೆ ಒಂದು ಗಳಿಗೆ ನೀರು ತಿರುಗಿಸಿ ಜೋಡಿಸುತ್ತಿದ್ದೆವು. ಅಲ್ಲಿಯೂ ಅಷ್ಟೇ. ನದಿಯ ಎರಡೂ ಬದಿಯಲ್ಲಿ ಎರಡು ಬಾವಿ ತೋಡಿ, ಸೋರುವ ಭಾಗದ ಪಕ್ಕದಲ್ಲಿ ನದಿಯಿಂದ 600 ಅಡಿ ಕೆಳಗೆ 4 ಕಿ.ಮೀ. ಉದ್ದದ ಹೊಸ ಸುರಂಗ ಮಾಡುವುದು. ಎಲ್ಲ ಮುಗಿದ ಮೇಲೆ ಹಳೆಯದನ್ನು ಕೆಲವು ತಿಂಗಳು ನಿಲ್ಲಿಸಿ ಎರಡು ತುದಿಯನ್ನೂ ಜೋಡಿಸುವುದು. ಅದೇ ಬಿಡುವಿನಲ್ಲಿ ವವಾರ್ಸಿಂಗ್ ಕಡೆಯ ಬಿರುಕುಗಳಿಗೆ ಒಳಗಿನಿಂದ ಸಿಮೆಂಟು ತುಂಬುವುದು. 2013ರಲ್ಲಿ ಬಾವಿ ತೋಡಲು ಶುರು ಮಾಡಿದರು. ಪಶ್ಚಿಮದ ಬಾವಿಯ ಆಳ 845 ಅಡಿ. ನಮ್ಮ ಜೋಗದ ಎತ್ತರ 830 ಅಡಿ. ಜೋಗದ ನೆತ್ತಿಯಿಂದ ಗುಂಡಿಯ ತನಕ ಇಳಿದು, ಅದಕ್ಕಿಂತಲೂ ಒಂದಿಷ್ಟು ಕೆಳಗೆ ಹೋದರೆ ಕೆಲಸದ ಜಾಗ. ಮೊದಲ ಸಲ ಆ ತೊಟ್ಟಿಲಲ್ಲಿ ಇಳಿಯುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ ಎಂದು ಇಲ್ಲಿ ಒಪ್ಪಿಕೊಳ್ಳಬಹುದು, ಇದೇನು ಅಲ್ಲಿಯವರಿಗೆ ಕೇಳಿಸುವುದಿಲ್ಲ.

ಸುರಂಗ ಕೊರೆದ ಯಂತ್ರದ ಹೆಸರು ನೋರಾ. 470 ಅಡಿ ಉದ್ದ, ಇಪ್ಪತ್ತೊಂದೂವರೆ ಅಡಿಗಿಂತ ತುಸು ಹೆಚ್ಚು ವ್ಯಾಸ. ಈ ಹೆಸರಿನ ಬಗ್ಗೆ ಹೆಣ್ಣುಮಕ್ಕಳು ಕಿವಿಗೊಟ್ಟು ಕೇಳಬೇಕು. ನೋರಾ ಸ್ಟ್ಯಾಂಟನ್ ಬ್ಲ್ಯಾಚ್ ಬಾರ್ನಿ 1905ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದವರು, ಅಮೆರಿಕದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ ಎಂದು ಹೆಸರಾದವರು. ನ್ಯೂಯಾರ್ಕಿನ ನೀರಿನ ಕೆಲಸದಲ್ಲಿಯೂ ದುಡಿದವರು. ಅಲ್ಲಿನ ಸಿವಿಲ್ ಎಂಜಿನಿಯರುಗಳ ಸಂಘ 1916ರಲ್ಲಿ ಅವರಿಗೆ ಸದಸ್ಯತ್ವದ ಮೇಲಿನ ಮೆಟ್ಟಿಲು ಕೊಡಲಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ, 2015ರಲ್ಲಿ, ಅದೇ ಸಂಘ ಆ ಗೌರವ ಕೊಟ್ಟಿತು. ನಾಲ್ಕು ವರ್ಷದಲ್ಲಿ ಅವರ ಹೆಸರಿನ ಯಂತ್ರ ಹಡ್ಸನ್ ನದಿಯ ಅಡಿಯಿಂದ ಆಚೆ ಬದಿಗೆ ತಲುಪಿತು. 2018ರ ಜನವರಿಯಲ್ಲಿ ಹೊರಟದ್ದು, 2019ರ ಆಗಸ್ಟಿನಲ್ಲಿ ಮುಟ್ಟಿತು.

ಅಷ್ಟು ಆಳದಲ್ಲಿ ನೀರಿನ ಒತ್ತಡ ಹೇಗಿರುತ್ತದೆ ಎಂದು ನಿಮ್ಮ ಹೆಬ್ಬೆರಳ ಉಗುರು ನೋಡಿಕೊಂಡು ಲೆಕ್ಕ ಹಾಕಿ. ಆ ಉಗುರಿನಷ್ಟು ಜಾಗದ ಮೇಲೆ 18 ಕೆ.ಜಿ. ಭಾರ. ಹಾಗಾಗಿ ಯಂತ್ರ ಮುಂದೆ ಸಾಗುವ ಮೊದಲು ಬಂಡೆಗೆ ಉದ್ದನೆಯ ಸಣ್ಣ ತೂತು ಕೊರೆದು ನೋಡುತ್ತಾರೆ. ಅದರಿಂದ ಎಷ್ಟು ನೀರು ಬಂತು, ಯಾವ ಒತ್ತಡದಲ್ಲಿ ಬಂತು, ಯಾವ ಬಣ್ಣ? ಹೆಚ್ಚು ಬಂದರೆ ನಿಂತು, ಸಿಮೆಂಟು ಹಾಲನ್ನು ಒತ್ತಡದಿಂದ ಬಿರುಕಿಗೆ ತುಂಬಿ, ಗಟ್ಟಿಯಾದ ಮೇಲೆ ಮುಂದಕ್ಕೆ. ಒಂದು ದಿನ ನಿಂತರೆ ಬಹಳ ಹಣ ಖರ್ಚು. ಆದರೂ "ಇವತ್ತು ನಿಲ್ಲಿಸಿ" ಎಂದು ಹೇಳಬೇಕಾದವರು ಹೇಳಲೇಬೇಕು. ಸಲಹೆಗಾರ ಎಂದರೆ ಬಹಳ ತಿಳಿದವನು ಎಂದು ಜನ ಭಾವಿಸುತ್ತಾರೆ. ನನ್ನ ಅನುಭವದಲ್ಲಿ, ಕಂಡದ್ದನ್ನು ಹೇಳಬೇಕಾದ ಹೊತ್ತಿಗೆ ಹೇಳುವವನು ಸಲಹೆಗಾರ. ಇದನ್ನು ನಾನು ಸುಲಭದಲ್ಲಿ ಕಲಿಯಲಿಲ್ಲ.

ನಾನು ಎಂಟನೇ ತರಗತಿಯಲ್ಲಿದ್ದಾಗ ಆಷಾಢದ ಮಳೆಗೆ ನಮ್ಮ ಕೆರೆ ತುಂಬಿತು. ಏರಿಯ ಹಿಂಬದಿಯಲ್ಲಿ ಎರಡು ಕಡೆ ನೀರು ಜಿನುಗುತ್ತಿತ್ತು. ತೂಬು ನೋಡಿಕೊಳ್ಳುತ್ತಿದ್ದ ಅಜ್ಜ ಒಂದು ಕಡೆ ಸುಮ್ಮನೆ ನೋಡಿ ಮುಂದೆ ಹೋದರು. ಇನ್ನೊಂದು ಕಡೆ ನಿಂತು, ಊರಿಗೇ ಕೇಳುವ ಹಾಗೆ ಕೂಗಿ ಜನ ಸೇರಿಸಿದರು. "ತಿಳಿನೀರು ಬಂದ್ರೆ ಏರಿ ಬೆವರ್ತಿದೆ ಅಂತ. ಕೆಂಪುನೀರು ಬಂದ್ರೆ ಏರಿ ಕರಗ್ತಿದೆ ಅಂತ" ಅಂದರು. ರಾತ್ರಿಯೆಲ್ಲ ಮರಳಿನ ಚೀಲ, ಸೊಪ್ಪು, ಕಲ್ಲು ಹಾಕಿ ಏರಿ ಉಳಿಸಿಕೊಂಡರು. ಮಾರನೇ ದಿನ ನಮ್ಮ ವಿಜ್ಞಾನದ ಮೇಷ್ಟ್ರು ಎರಡೂ ಕಡೆಯ ನೀರನ್ನು ಎರಡು ಗಾಜಿನ ಲೋಟದಲ್ಲಿ ತರಗತಿಗೆ ತಂದಿಟ್ಟರು. ಪಾಠ ಮುಗಿಯುವ ಹೊತ್ತಿಗೆ ಒಂದು ಲೋಟದ ತಳದಲ್ಲಿ ಅರ್ಧ ಬೆರಳು ಮಣ್ಣು ಕೂತಿತ್ತು. "ಎಷ್ಟು ನೀರು ಬಂತು ಅಂತ ಮಾತ್ರ ನೋಡಬೇಡಿ. ಏನನ್ನ ಹೊತ್ತು ತಂತು ನೋಡಿ" ಅಂದರು. ಆ ಮೇಷ್ಟ್ರು ಇವತ್ತು ಮುಂದಿನ ಸಾಲಿನಲ್ಲಿ ಕೂತಿದ್ದಾರೆ.

ಮೇಷ್ಟ್ರೇ, ಮುಂದಿನದನ್ನು ನಾನು ನಿಮಗೆ ಇದುವರೆಗೆ ಹೇಳಿರಲಿಲ್ಲ.

ಎಂಜಿನಿಯರಿಂಗ್ ಮುಗಿಸಿ ಕೆಲವು ವರ್ಷವಾಗಿತ್ತು. ಉತ್ತರದ ಬೆಟ್ಟದಲ್ಲಿ ಒಂದು ಸುರಂಗದ ಕೆಲಸದಲ್ಲಿದ್ದೆ. ಎದುರಿನ ಬಂಡೆಗೆ ಕೊರೆದ ತೂತಿನಿಂದ ನಾಲ್ಕು ದಿನ ತಿಳಿನೀರು ಬರುತ್ತಿತ್ತು. ಐದನೇ ದಿನ ಸಂಜೆ ನೋಡಿದರೆ ಚಹಾದ ಬಣ್ಣ. ನನಗೆ ತಕ್ಷಣ ಆ ಗಾಜಿನ ಲೋಟ ನೆನಪಾಯಿತು. ಆರು ಗಂಟೆಗೆ ಮೀಟಿಂಗು. ಎಲ್ಲರೂ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಪಟಪಟ ಮಾತಾಡುತ್ತಿದ್ದರು. ಕೊನೆಗೆ "ಇನ್ನೇನಾದರೂ ಇದೆಯಾ" ಎಂದು ಕೇಳಿದರು. ನಾನು ಮನಸ್ಸಿನಲ್ಲಿ ವಾಕ್ಯ ಕಟ್ಟುತ್ತಿದ್ದೆ. ಕ್ರಿಯಾಪದ ಸರಿಯಾಗಿದೆಯೋ ಇಲ್ಲವೋ ಎಂದು ತಡವರಿಸಿದೆ. ಇನ್ನೂ ಒಂದು ಅಳುಕು: ಇದು ನಮ್ಮೂರ ಅಜ್ಜ ಹೇಳಿದ ಮಾತು, ಪುಸ್ತಕದ ಮಾತಲ್ಲ, ಇವರು ನಕ್ಕರೆ? ಅಷ್ಟರಲ್ಲಿ ಎಲ್ಲರೂ ಎದ್ದು ಹೋದರು.

ಆ ರಾತ್ರಿ ಬಂಡೆ ಒಡೆದು ಕೆಸರು ನುಗ್ಗಿತು. ಪಾಳಿಯಲ್ಲಿದ್ದವರು ಓಡಿ ಬಂದರು. ಒಬ್ಬ ಸಹಾಯಕನ ಕಾಲು ಟ್ರಾಲಿಗೆ ಸಿಕ್ಕಿತು. ಮೊಣಕಾಲ ಕೆಳಗೆ ತೆಗೆಯಬೇಕಾಯಿತು. ಅವನಿಗೆ ನನ್ನದೇ ವಯಸ್ಸು. ಆ ಅವಘಡಕ್ಕೆ ಬೇರೆ ಕಾರಣಗಳೂ ಇದ್ದವು, ವಿಚಾರಣೆಯೂ ಆಯಿತು, ನನ್ನನ್ನು ಯಾರೂ ದೂರಲಿಲ್ಲ. ಆದರೆ ಸಂಜೆ ಆರು ಗಂಟೆಗೆ ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಕನ್ನಡದಲ್ಲಿತ್ತು ಎಂಬ ಕಾರಣಕ್ಕೆ ನಾನು ಅದನ್ನು ತಿಳಿವಳಿಕೆ ಎಂದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆಸ್ಪತ್ರೆಗೆ ಹೋಗಿ ಅವನ ಹತ್ತಿರ ಇದನ್ನು ಹೇಳಿದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಸರಿಯಾಗಿಯೇ ಮಾಡಿದ.

ಅವತ್ತಿನಿಂದ ಒಂದು ನೇಮ ಇಟ್ಟುಕೊಂಡಿದ್ದೇನೆ. ಕಂಡದ್ದನ್ನು ಮೊದಲು ಹೇಳುವುದು, ವ್ಯಾಕರಣ ಆಮೇಲೆ. ಹಡ್ಸನ್ ಕೆಲಸದಲ್ಲಿ ಅನೇಕ ಸಲ ತಪ್ಪು ಇಂಗ್ಲಿಷಿನಲ್ಲಿ ಸರಿಯಾದ ಮಾತು ಹೇಳಿದ್ದೇನೆ. ಯಾರೂ ನಗಲಿಲ್ಲ. ಅದರ ಜೊತೆಗೇ ಇನ್ನೊಂದು ನೇಮ, ಬೇರೆಯವರು ತಡವರಿಸಿ ಹೇಳುವಾಗ ಕಾಯುವುದು.

ಈ ಎರಡನೆಯದು ಕೆಲಸಕ್ಕೆ ಬಂದ ಒಂದು ಸಂದರ್ಭ ಹೇಳುತ್ತೇನೆ. ವವಾರ್ಸಿಂಗ್ ಕಡೆ ಅನೇಕ ಮನೆಗಳ ನೆಲಮಾಳಿಗೆಗೆ ನೀರು ಬರುತ್ತಿತ್ತು, ಪಂಪು ಓಡಿಸಿಯೇ ಬದುಕಬೇಕಿತ್ತು. ಕೆಲವು ಮನೆಗಳನ್ನು ಸರ್ಕಾರ ಹಣ ಕೊಟ್ಟು ಕೊಂಡುಕೊಂಡಿತು. ಅದರಲ್ಲಿ ಮಳೆಯ ನೀರೆಷ್ಟು, ಸುರಂಗದ ನೀರೆಷ್ಟು ಎಂದು ಬಿಡಿಸುವುದು ಸುಲಭವಲ್ಲ. ಸುರಂಗ ನಿಲ್ಲಿಸಿದಾಗ ಸುತ್ತಲ ಬಾವಿಗಳ ಮಟ್ಟ ಇಳಿಯಿತೇ, ಬಿಟ್ಟಾಗ ಏರಿತೇ ಎಂದು ಅಳೆದು ನೋಡಬೇಕು. ಆ ಪ್ರದೇಶಕ್ಕೆ ಹೋದಾಗ ಒಬ್ಬರು ವಯಸ್ಸಾದ ಹೆಂಗಸು ನನ್ನನ್ನು ಅಡುಗೆಮನೆಗೆ ಕರೆದು ಗೋಡೆಯ ಕ್ಯಾಲೆಂಡರು ತೋರಿಸಿದರು. ನೀರು ಬಂದ ದಿನಕ್ಕೆ ಗೀಟು. ಮಳೆಯಿಲ್ಲದೆಯೂ ಬಂದ ದಿನಕ್ಕೆ ಸುತ್ತು. ಹಳೆಯ ವರ್ಷಗಳ ಕ್ಯಾಲೆಂಡರುಗಳನ್ನೂ ಸುರುಳಿ ಸುತ್ತಿ ಇಟ್ಟಿದ್ದರು. ನಮ್ಮ ಕೆರೆಯ ಅಜ್ಜನ ನೆನಪಾಯಿತು. ಯಾವ ಉಪಕರಣವೂ ಹೋಗದ ಜಾಗದಲ್ಲಿ, ನೀರಿನ ಪಕ್ಕ ಬದುಕುವವರು ಮೊದಲು ನೋಡಿರುತ್ತಾರೆ. ಕೇಳುವವರು ತಡವಾಗಿ ಬರುತ್ತಾರೆ.

ಹೊಸ ಸುರಂಗಕ್ಕೆ ಒಳಗೆ 16 ಅಡಿ ವ್ಯಾಸದ ಉಕ್ಕಿನ ಕೊಳವೆ ಕೂರಿಸಿ, ಅದರೊಳಗೆ ಮತ್ತೆ ಕಾಂಕ್ರೀಟು ಹಾಕಿ ಸಿದ್ಧ ಮಾಡಿದರು. ನೂರು ಕೋಟಿ ಡಾಲರಿಗೂ ಮೀರಿದ ಯೋಜನೆ. ಉಳಿದದ್ದು ಕೊನೆಯ ಜೋಡಣೆ. 2024ರ ಅಕ್ಟೋಬರ್ 1ರಂದು ಹಳೆಯ ಸುರಂಗ ನಿಲ್ಲಿಸಿದರು. ಎಂಟು ತಿಂಗಳವರೆಗೆ ಬೇಕಾಗಬಹುದು, ಅಷ್ಟು ದಿನ ಬೇರೆ ಜಲಾಶಯಗಳ ನೀರಿನಲ್ಲಿ ನಗರ ನಡೆಯಬೇಕು ಎಂಬ ಲೆಕ್ಕ. ಆದರೆ ಮಳೆ ಕೈಕೊಟ್ಟಿತು. ಆ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಇಡೀ ತಿಂಗಳು ಬಿದ್ದ ಮಳೆ ಇಂಚಿನ ನೂರನೇ ಒಂದು ಭಾಗ. ಅಷ್ಟು ಒಣ ಅಕ್ಟೋಬರು ಅಲ್ಲಿನ ದಾಖಲೆಯಲ್ಲೇ ಇರಲಿಲ್ಲ. ನವೆಂಬರ್ 18ರಂದು ನಗರ ಬರದ ಎಚ್ಚರಿಕೆ ಕೊಟ್ಟಿತು, 22 ವರ್ಷದಲ್ಲಿ ಮೊದಲ ಸಲ. ಕೆಲಸ ನಿಲ್ಲಿಸಿ, ಸೋರುವ ಹಳೆಯ ಸುರಂಗದಲ್ಲೇ ಮತ್ತೆ ನೀರು ಬಿಡಲು ತೀರ್ಮಾನಿಸಿದರು.

ಹನ್ನೊಂದು ವರ್ಷ ದುಡಿದು, ಕೊನೆಯ ಗಂಟು ಹಾಕುವ ಹೊತ್ತಿಗೆ ಹಿಂದೆ ಸರಿಯುವುದು. ಸುದ್ದಿ ಬಂದ ದಿನ ನಮ್ಮ ಗುಂಪಿನಲ್ಲಿ ಯಾರಿಗೂ ಊಟ ಸೇರಲಿಲ್ಲ. ಆ ತೀರ್ಮಾನ ನನ್ನದಲ್ಲ, ನಗರದ್ದು. ಆದರೆ ಯೋಚಿಸಿ ನೋಡಿದರೆ, ಇಷ್ಟು ವರ್ಷದಲ್ಲಿ ನಾನು ಕಂಡ ಒಳ್ಳೆಯ ತೀರ್ಮಾನಗಳಲ್ಲಿ ಅದೂ ಒಂದು. ಮಾಡಿದ ಖರ್ಚು, ಕಾದ ವರ್ಷ, ಎಲ್ಲವನ್ನೂ ಬದಿಗಿಟ್ಟು, ಇವತ್ತು ನೀರು ಏನು ಹೇಳುತ್ತಿದೆ ಎಂದು ನೋಡಿದರು. ಕೆಂಪುನೀರು ಕಂಡು ಅಜ್ಜ ಕೂಗು ಹಾಕಿದ ಹಾಗೆ ಯಾರೋ ಒಬ್ಬರು ಹೇಳಿರಬೇಕು, ಉಳಿದವರು ಕೇಳಿರಬೇಕು. ಹಾಗಾಗಿ ನಿಮ್ಮೆದುರು ಮುಗಿದ ಕೆಲಸದ ಕತೆ ಹೇಳುವ ಭಾಗ್ಯ ನನಗಿಲ್ಲ. ಕೊನೆಯ ಜೋಡಣೆ ಬಾಕಿ ಇದೆ. ಆ ಅಜ್ಜಿಯ ಊರಿನ ಬಿರುಕೂ ಬಾಕಿ ಇದೆ. ಅದನ್ನು ಮರೆತು ಇಲ್ಲಿ ಹಾರ ಹಾಕಿಸಿಕೊಳ್ಳಲು ಮನಸ್ಸಾಗಲಿಲ್ಲ, ಅದಕ್ಕೇ ಬೆಳಿಗ್ಗೆ ಹಾರ ಬೇಡ ಎಂದೆ. ಯಾರೂ ತಪ್ಪು ತಿಳಿಯಬೇಡಿ.

ಮಕ್ಕಳೇ, ಕನ್ನಡ ಮಾಧ್ಯಮದಲ್ಲಿ ಓದಿದ್ದು ಮುಂದೆ ತೊಂದರೆ ಕೊಡುತ್ತದಾ ಎಂದು ನಿನ್ನೆ ನಿಮ್ಮಲ್ಲಿ ಇಬ್ಬರು ಕೇಳಿದಿರಿ. ಮೊದಲ ಎರಡು ಮೂರು ವರ್ಷ ಕೊಡುತ್ತದೆ, ಸುಳ್ಳು ಹೇಳುವುದಿಲ್ಲ. ಇಂಗ್ಲಿಷು ಕಲಿಯಿರಿ, ಚೆನ್ನಾಗಿ ಕಲಿಯಿರಿ. ಆದರೆ ಅದು ಬರುವ ತನಕ ಬಾಯಿ ಮುಚ್ಚಿಕೊಂಡಿರಬೇಡಿ.

ಶಾಲೆಗೆ ನಾನು ತಂದಿರುವುದು ಮೂರು ಸಣ್ಣ ವಸ್ತು. ತುದಿಗೆ ಗುಂಡು ಕಟ್ಟಿದ ಒಂದು ಅಳತೆ ಟೇಪು, ಒಂದು ಮಳೆಮಾಪಕ, ಒಂದು ದಪ್ಪ ರಿಜಿಸ್ಟರು. ಶಾಲೆಯ ಹಿಂದಿನ ಬಾವಿಯ ನೀರು ಎಷ್ಟು ಆಳದಲ್ಲಿದೆ ಎಂದು ಪ್ರತಿ ಸೋಮವಾರ ಒಂಬತ್ತನೇ ತರಗತಿಯವರು ಅಳೆದು ಬರೆಯಬೇಕು. ದಿನಾಂಕ, ಆಳ, ಆ ವಾರದ ಮಳೆ, ಅಳೆದವರ ಸಹಿ, ಇಷ್ಟೇ. ವಿಚಿತ್ರ ಕಂಡರೆ ಅದನ್ನೂ ಬರೆಯಬೇಕು, ಬರೆದವರನ್ನು ಯಾರೂ ಗೇಲಿ ಮಾಡಬಾರದು. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಮೊದಲ ಅಳತೆಯನ್ನು ಈಗ ಊಟಕ್ಕೆ ಮುಂಚೆ ಮಾಡೋಣ. ಮೇಷ್ಟ್ರೇ, ನೀವು ಬಾವಿಕಟ್ಟೆಯ ತನಕ ಬಂದು, ಮೊದಲ ಸಾಲನ್ನು ನಿಮ್ಮ ಕೈಯಾರೆ ಬರೆದುಕೊಡಬೇಕು.